ಅಳಿಯಂದಿರ ಪಕ್ಕದ ಸೀಟು

ನಾನು ಹುಟ್ಟಿ ಬೆಳೆದ ಕಡೆ ಅತ್ತೆಯಾದವಳು ಅಳಿಯನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿ ಮಾತು ಬಿಟ್ಟದ್ದಲ್ಲ, ಅದು ಮರ್ಯಾದೆ. ಅಳಿಯ ಒಳಗೆ ಬಂದರೆ ಅತ್ತೆ ಕೂತಲ್ಲಿಂದ ಏಳಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಅಡುಗೆಮನೆ ಬಾಗಿಲ ಹಿಂದೆ ನಿಂತು ಬಳೆಯ ಸದ್ದಿನಲ್ಲೇ ತಾನಿದ್ದೇನೆ ಎಂದು ತಿಳಿಸಬೇಕು. ಹೇಳಲೇಬೇಕಾದ ಮಾತಿದ್ದರೆ ಮೂರನೆಯವರ ಮೂಲಕ ಹೇಳಿಸಬೇಕು. ಆ ಮೂರನೆಯವರು ಮನುಷ್ಯರೇ ಆಗಿರಬೇಕೆಂದೇನೂ ಇರಲಿಲ್ಲ. ನನ್ನ ಅಮ್ಮ ತನ್ನ ಅಳಿಯನಿಗೆ, ಎಂದರೆ ಮಕ್ಕಳೇ, ನಿಮ್ಮ ತಾತನಿಗೆ ಹೇಳಬೇಕಾದುದನ್ನೆಲ್ಲ ನಮ್ಮ ಮನೆಯ ಬೆಕ್ಕಿಗೆ ಹೇಳುತ್ತಿದ್ದಳು. "ಎಲೆ ಹಾಕಿ ಆಯ್ತು ಕಣೇ, ಬರೋರು ಬರಬೋದು" ಎಂದರೆ ಮೊದಲು ಬೆಕ್ಕು ಎದ್ದು ಬರುತ್ತಿತ್ತು, ಅದರ ಹಿಂದೆ ನಿಮ್ಮ ತಾತ. ಹೀಗೆ ಇಪ್ಪತ್ತು ವರ್ಷ ನಡೆಯಿತು. ಬೆಕ್ಕುಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ.

ನಾನು ಆ ಅಮ್ಮನ ಮಗಳು. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಅಲ್ಲೂ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಲು ನಾಚಿಕೆಯಾಗಿ, ಪಕ್ಕದವಳ ಕಿವಿಯಲ್ಲಿ ಹೇಳಿ ಅವಳಿಗೆ ಶಭಾಷ್ ಕೊಡಿಸುತ್ತಿದ್ದೆ. ಇಂಥವಳಿಗೆ ಅಳಿಯ ಬಂದರೆ ಏನಾಗಬೇಕೋ ಅದೇ ಆಯಿತು. ನಿಮ್ಮಪ್ಪ ರಘು ನಮ್ಮ ಮನೆಯ ಅಳಿಯರಾಗಿ ಹನ್ನೆರಡು ವರ್ಷ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮಾತುಗಳನ್ನೆಲ್ಲ ಬರೆದರೆ ಒಂದು ಅಂಚೆ ಕಾರ್ಡೂ ತುಂಬುವುದಿಲ್ಲ. ಮೊದಲು ನಿಮ್ಮಮ್ಮನ ಮೂಲಕ ಹೇಳಿಸುತ್ತಿದ್ದೆ, ನೀವು ಹುಟ್ಟಿದ ಮೇಲೆ ನಿಮ್ಮ ಮೂಲಕ. ಇಂಚರ, ನೀನು ಎರಡು ವರ್ಷದವಳಿದ್ದಾಗ "ಅಪ್ಪ, ಕಾಫಿ ಆಯ್ತು" ಎಂದು ಮುದ್ದಾಗಿ ಹೇಳುತ್ತಿದ್ದೆಯಲ್ಲ, ಅದರಲ್ಲಿ ಬಾಯಿ ಮಾತ್ರ ನಿನ್ನದು. ಧ್ರುವ, ನೀನಂತೂ ನಾನು ಕನ್ನಡದಲ್ಲಿ ಕೊಟ್ಟ ಮಾತನ್ನು ಜಪಾನಿಯಲ್ಲಿ ಮುಟ್ಟಿಸುವವನು. ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಕನ್ನಡ ಓದಲು ಸರಿಯಾಗಿ ಕಲಿತ ಮೇಲೆ ಓದಿಕೊಳ್ಳಿ. ಅಲ್ಲಿಯವರೆಗೆ ನಿಮ್ಮಮ್ಮ ಓದಿ ಹೇಳುವಾಗ ತನಗೆ ಬೇಡದ ಕಡೆ ಹಾರಿಸದಂತೆ ನೋಡಿಕೊಳ್ಳಿ.

ಕಾವಾಸಾಕಿಯ ನಿಮ್ಮ ಮನೆ ಚಿಕ್ಕದಾದರೂ ಅದಕ್ಕೆ ಅಡುಗೆಮನೆಯ ಬಾಗಿಲೊಂದಿದೆ. ಹಾಗಾಗಿ ಏಪ್ರಿಲ್‌ನಲ್ಲಿ ಬಂದವಳು ಒಂದು ತಿಂಗಳು ನೆಮ್ಮದಿಯಾಗಿಯೇ ಇದ್ದೆ. ಮೇ ತಿಂಗಳ ರಜೆ ಹತ್ತಿರ ಬಂದಾಗ ನಿಮ್ಮಮ್ಮ, "ಅಮ್ಮಾ, ಕ್ಯಾಂಪರ್ ಬಾಡಿಗೆಗೆ ತಗೊಂಡಿದೀವಿ. ಒಂಬತ್ತು ದಿನ. ಫುಜಿ, ಆಮೇಲೆ ಮರುಭೂಮಿ, ಆಮೇಲೆ ಇನ್ನೊಂದು ಬೆಟ್ಟ. ಎಲ್ಲಾ ನ್ಯಾಷನಲ್ ಪಾರ್ಕೇ" ಎಂದಳು. ಜಪಾನಿನಲ್ಲಿ ಮರುಭೂಮಿ ಇದೆಯೆಂದು ನಮ್ಮ ಮೇಷ್ಟ್ರು ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕ್ಯಾಂಪರ್ ಎಂದರೇನೆಂದು ಯಾರೂ ಹೇಳಿರಲಿಲ್ಲ. ಗಾಡಿ ಮನೆಯ ಮುಂದೆ ಬಂದು ನಿಂತಾಗ ನೋಡಿದೆ. ಟ್ರಕ್ಕಿನ ಬೆನ್ನ ಮೇಲೆ ಒಂದು ಬಿಳಿಯ ಪೆಟ್ಟಿಗೆ. ಅದರೊಳಗೆ ಒಲೆ, ತೊಟ್ಟಿ, ರಾತ್ರಿ ಹಾಸಿಗೆಯಾಗುವ ಮೇಜು, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಇನ್ನೊಂದು ಹಾಸಿಗೆ. ಬಾಗಿಲು ಒಂದೇ, ಅದೂ ಬೀದಿಗೆ. ಹಿಂದೆ ನಿಂತು ಮಾತಾಡಲು ಒಂದು ಬಾಗಿಲೂ ಇಲ್ಲದ ಮನೆಯಲ್ಲಿ ಒಂಬತ್ತು ದಿನ ಅಳಿಯಂದಿರ ಜೊತೆ ಇರಬೇಕು. ಒಬ್ಬರು ಹೊರಳಿದರೆ ಉಳಿದ ನಾಲ್ವರು ಉಸಿರು ಬಿಗಿಹಿಡಿಯಬೇಕು. ಮೊದಲ ದಿನ ನಿಮ್ಮಪ್ಪ ಒಳಗೆ ಬಂದಾಗಲೆಲ್ಲ ಅಭ್ಯಾಸಬಲದಿಂದ ಎದ್ದು ನಿಂತೆ. ನಾಲ್ಕು ಸಲ ಮರ್ಯಾದೆ ಕೊಟ್ಟೆ, ನಾಲ್ಕು ಸಲವೂ ತಲೆ ಮೇಲಿನ ಕಪಾಟಿಗೆ ಬಡಿಯಿತು. ನಾಲ್ಕನೆಯ ಸಲ ಕಪಾಟು ತೆರೆದುಕೊಂಡು ಅವಲಕ್ಕಿ ಡಬ್ಬ ನನ್ನ ಮಡಿಲಿಗೆ ಬಿತ್ತು.

ಇಷ್ಟೇ ಆಗಿದ್ದರೆ ಮೂಲೆಯಲ್ಲಿ ಮುದುಡಿಕೊಂಡು ಹೇಗೋ ಕಳೆದುಬಿಡುತ್ತಿದ್ದೆ. ಆದರೆ ಹಿಂದಿನ ಸೀಟಿನಲ್ಲಿ ಕೂತ ಅರ್ಧ ಗಂಟೆಗೆ ನನಗೆ ಹೊಟ್ಟೆ ತೊಳಸತೊಡಗಿತು. ಕೈಯಲ್ಲಿ ಕೊಂಬಿನಿ ಅಂಗಡಿಯ ಪ್ಲಾಸ್ಟಿಕ್ ಚೀಲ ಹಿಡಿದು ಕಣ್ಣು ಮುಚ್ಚಿ ಕೂತಿದ್ದವಳನ್ನು ನೋಡಿ ನಿಮ್ಮಮ್ಮ ತೀರ್ಪು ಕೊಟ್ಟಳು: "ಅಮ್ಮ ಮುಂದೆ ಕೂತ್ಕೋ. ಮುಂದೆ ಕೂತ್ರೆ ಏನೂ ಆಗಲ್ಲ." ಮುಂದೆ ಎಂದರೆ ಅಳಿಯಂದಿರ ಪಕ್ಕದ ಸೀಟು. ನಾನು ಹೊಟ್ಟೆ ತೊಳಸುವುದೇ ಮೇಲು ಎಂದೆ. ಯಾರೂ ಕೇಳಲಿಲ್ಲ.

ಹಾಗೆ ನಾನು, ಕಿಟಕಿಯ ಗಾಜಿಗೆ ಎಷ್ಟು ಅಂಟಿಕೊಳ್ಳಬಹುದೋ ಅಷ್ಟು ಅಂಟಿಕೊಂಡು, ಫುಜಿಯ ಕಡೆಗೆ ಹೊರಟೆ. ಡ್ರೈವರ್ ಸೀಟಿಗೂ ಹಿಂದಿನ ಮನೆಗೂ ನಡುವೆ ಒಂದು ಸಣ್ಣ ಕಿಂಡಿ. ಆ ಕಿಂಡಿಯ ಆಚೆ ಇಂಚರ. "ಇಂಚರ, ನಿಮ್ಮಪ್ಪನಿಗೆ ನೀರು ಬೇಕಾ ಕೇಳು" ಎಂದೆ. ನಿಮ್ಮಪ್ಪನ ಕಿವಿ ನನ್ನ ಬಾಯಿಂದ ಒಂದು ಮೊಳ ದೂರದಲ್ಲಿತ್ತು. ಇಂಚರ, "ಅಜ್ಜಿ, ಅಪ್ಪಂಗೆ ಕೇಳಿಸ್ತಿದೆ. ವೈ ಮೀ?" ಎಂದಳು. ಸ್ವಲ್ಪ ಹೊತ್ತಿಗೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಧ್ರುವ ನಿದ್ದೆ ಹೋದ. ನಿಮ್ಮಮ್ಮನೂ ನಿದ್ದೆ ಹೋದಳು. ಅದೇ ಹೊತ್ತಿಗೆ ನನಗೆ ಶೌಚಾಲಯಕ್ಕೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಎಂಥೆಂಥ ನಿಲ್ದಾಣಗಳು, ದೇವಸ್ಥಾನದ ಹಾಗೆ ತೊಳೆದಿಟ್ಟ ಶೌಚಾಲಯಗಳು. ಮೂರು ಬಂದವು, ಮೂರೂ ಹೋದವು. ನಾನು ಪ್ರತಿಯೊಂದರ ಬೋರ್ಡನ್ನೂ ತಲೆ ತಿರುಗಿಸಿ, ಕಾಣುವಷ್ಟು ದೂರ ನೋಡಿದೆ. ನಾಲ್ಕನೆಯದು ಬಂದಾಗ ನಿಮ್ಮಪ್ಪ ಏನೂ ಕೇಳದೆ ಗಾಡಿ ಒಳಗೆ ತಿರುಗಿಸಿದರು. ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದು ನನಗೂ ಗೊತ್ತಾಯಿತು. ಆ ನಾಚಿಕೆಗೆ ಮುಂದಿನ ನಲವತ್ತು ಮೈಲಿ ಹೊರಗಿನದೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಫುಜಿಯ ಬುಡದ ಕೆರೆಯ ಪಕ್ಕ ಎರಡು ದಿನ ಇದ್ದೆವು. ಬೆಟ್ಟ ಮೊದಲ ದಿನ ಮೋಡದೊಳಗೆ ಕೂತು ಮುಖ ತೋರಿಸಲಿಲ್ಲ. ನನಗೆ ಅದರ ಮೇಲೆ ತುಂಬಾ ವಿಶ್ವಾಸ ಹುಟ್ಟಿತು. ಎರಡನೆಯ ಸಂಜೆ ಹೊರಗೆ ಬಂತು. ಕೆರೆಯ ನೀರಿನಲ್ಲಿ ಇನ್ನೊಂದು ಬೆಟ್ಟ ತಲೆಕೆಳಗಾಗಿ ನಿಂತಿತ್ತು. ಧ್ರುವ ಕಲ್ಲು ಎಸೆದು ಅದನ್ನು ಮುರಿದ, ಅದು ಮತ್ತೆ ಕೂಡಿಕೊಂಡಿತು, ಮತ್ತೆ ಮುರಿದ. ಹೊತ್ತು ಮುಳುಗುವವರೆಗೆ ನಾವಿಬ್ಬರೂ ಇದೇ ಕೆಲಸ ಮಾಡಿದೆವು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಮೇಲಿನ ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿದ್ದೆ. ನಿಮ್ಮಪ್ಪ, ನಿಮ್ಮಮ್ಮ ಹೊರಗೆ, ನನ್ನ ಕಿಟಕಿಯ ಕೆಳಗೇ ಮಡಿಸುವ ಕುರ್ಚಿ ಹಾಕಿಕೊಂಡು ಕಾಫಿ ಕಾಯಿಸುತ್ತಿದ್ದರು. ಕ್ಯಾಂಪರಿನ ಗೋಡೆ ರಟ್ಟಿನಷ್ಟು ತೆಳು. ಕದ್ದು ಕೇಳುವ ಬುದ್ಧಿ ನನ್ನದಲ್ಲ, ಆದರೆ ಕಿವಿ ಮುಚ್ಚಿಕೊಳ್ಳುವಷ್ಟು ಒಳ್ಳೆಯವಳೂ ಅಲ್ಲ.

"ಅವರ ಟಿಕೆಟ್ ಮುಂದಕ್ಕೆ ಹಾಕಿಸೋದು ಬೇಡ ಸುಮಾ," ಎಂದರು ನಿಮ್ಮಪ್ಪ.

"ಯಾಕೆ? ಜುಲೈವರೆಗೆ ಇರ್ಲಿ ಅಂತ ನೀನೇ ಹೇಳಿದ್ದೆ."

"ನಂಗೆ ಇರ್ಲಿ ಅಂತಾನೇ ಆಸೆ. ಅವರಿಗೆ ಕಷ್ಟ ಆಗ್ತಿದೆ, ನೋಡು. ನಾನು ಒಳಗೆ ಬಂದ್ರೆ ಎದ್ದುಬಿಡ್ತಾರೆ. ಪಕ್ಕದಲ್ಲಿ ಕೂತ್ರೆ ಬಾಗಿಲಿಗೆ ಅಂಟ್ಕೋತಾರೆ. ಬಾತ್‌ರೂಮಿಗೆ ಹೋಗ್ಬೇಕು ಅಂತ್ಲೂ ಹೇಳಲ್ಲ. ಹನ್ನೆರಡು ವರ್ಷ ಆಯ್ತು. ನಾವು ಹೇಳದೆ ಕೇಳದೆ ರಿಜಿಸ್ಟರ್ ಮದುವೆ ಮಾಡ್ಕೊಂಡು ಹೋಗಿ ನಿಂತಿದ್ದು ಅವರಿಗೆ ಇನ್ನೂ ಮನಸ್ಸಲ್ಲಿದೆ. ಅವರು ಬಯ್ದಿದ್ರೆ ವಾಸಿ ಇತ್ತು."

"ಅಮ್ಮ ಹಾಗಲ್ಲ ಕಣೋ."

"ಹಾಗಲ್ಲ ಅಂತ ನೀನು ಹೇಳ್ತೀಯ. ಅವರು ಯಾವತ್ತೂ ಹೇಳಿಲ್ಲವಲ್ಲ."

ನಾನು ಅಲುಗಾಡದೆ ಮಲಗಿದೆ. ಈ ಹುಡುಗನಿಗೆ ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ನಾನು ಕೊಟ್ಟ ಮರ್ಯಾದೆ, ಅವನಿಗೆ ಮುಟ್ಟಿದ್ದು ಸಿಟ್ಟಾಗಿ. ಆ ಮದುವೆಯ ವಿಷಯ ಹೇಳುತ್ತೇನೆ, ನಿಮ್ಮಮ್ಮ ಇಲ್ಲಿ ಹಾರಿಸಿಯಾಳು, ಎಚ್ಚರ. ಅಂದು ನನಗೆ ಕೋಪ ಬಂದಿದ್ದು ನಿಜ. ಮಧ್ಯಾಹ್ನ ಬಂದದ್ದು ಸಂಜೆಗೆ ಹೋಗಿತ್ತು. ಏಕೆಂದರೆ ಆ ಗಲಾಟೆಯ ನಡುವೆಯೂ ನಿಮ್ಮಪ್ಪ, ಯಾರೂ ಹೇಳದೆಯೇ, ನಮ್ಮ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಸರಿಮಾಡುತ್ತ ಕೂತಿದ್ದರು. ಮದುವೆಯ ದಿನ ಹೆಂಡತಿಯ ಮನೆಯ ಮಿಕ್ಸಿ ರಿಪೇರಿ ಮಾಡುವ ಹುಡುಗನ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳುವುದು? ಇದನ್ನು ಅವರಿಗೆ ಹೇಳಬೇಕಿತ್ತು. ಹೇಳಲು ಆಗ ಮನೆಯಲ್ಲಿ ಬೆಕ್ಕಿರಲಿಲ್ಲ.

ಅಂದೇ ಹೇಳಿಬಿಡಬೇಕೆಂದು ನಿರ್ಧಾರ ಮಾಡಿ ಮುಂದಿನ ಸೀಟಿನಲ್ಲಿ ಕೂತೆ. ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ: ನನಗೆ ನಿಮ್ಮ ಮೇಲೆ ಕೋಪವಿಲ್ಲ. ನಾಲ್ಕೇ ಪದ. ಮೊದಲ ಸುರಂಗ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ಜಪಾನಿನಲ್ಲಿ ಸುರಂಗಗಳಿಗೆ ಬರವಿಲ್ಲ, ಹಾಗಾಗಿ ಮುಂದಕ್ಕೆ ಹಾಕಲು ಅನುಕೂಲವಾಯಿತು. ಕೊನೆಗೆ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಹೊರಗೆ ಬಂದದ್ದು, "ಲಾರಿಗಳು ತುಂಬಾ ಇವೆ." ನಿಮ್ಮಪ್ಪ ಬೆಚ್ಚಿದರು. "ಹೌದು ಅತ್ತೆ," ಎಂದರು. ಅಲ್ಲಿಗೆ ಆ ದಿನದ ಮಾತು ಮುಗಿಯಬೇಕಿತ್ತು.

ಆದರೆ ಆ ಗಾಡಿಯಲ್ಲಿ ಇನ್ನೊಬ್ಬ ಹೆಂಗಸಿದ್ದಳು, ಜಪಾನಿಯಲ್ಲಿ ದಾರಿ ಹೇಳುವ ಯಂತ್ರದೊಳಗಿನವಳು. ಅವಳ ಧ್ವನಿ ಎಷ್ಟು ವಿನಯದ್ದೆಂದರೆ ಎಡಕ್ಕೆ ತಿರುಗಿ ಎನ್ನುವುದೂ ಹರಕೆ ಹೊತ್ತಂತೆ ಕೇಳುತ್ತಿತ್ತು. ನಿಮ್ಮಪ್ಪನ ಜೊತೆ ದಿನವಿಡೀ ಮಾತಾಡುತ್ತಾಳೆ, ಒಂದಿಷ್ಟೂ ಸಂಕೋಚವಿಲ್ಲ. ನನಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು, ಆಮೇಲೆ ಬುದ್ಧಿ ಹೊಳೆಯಿತು. ಒಂದು ಇಳಿಜಾರಿನಲ್ಲಿ ಗಾಡಿ ಜೋರಾದಾಗ ನಾನು ಆ ಯಂತ್ರಕ್ಕೆ ಹೇಳಿದೆ, "ಸ್ವಲ್ಪ ನಿಧಾನಕ್ಕೆ ಹೋಗೋಕೆ ಹೇಳಮ್ಮ ತಾಯಿ." ನಿಮ್ಮಪ್ಪ ನನ್ನ ಕಡೆ ನೋಡಲಿಲ್ಲ. ಗಾಡಿ ನಿಧಾನ ಮಾಡಿ, ಅವರೂ ಯಂತ್ರಕ್ಕೇ ಹೇಳಿದರು, "ಆಗ್ಲಿ ಅಂತ ಹೇಳಮ್ಮ." ಸಂಜೆಯವರೆಗೆ ನಾವಿಬ್ಬರೂ ಅವಳ ಮೂಲಕ ಚಹಾ, ಬಿಸಿಲು, ಇಂಚರಳ ಶಾಲೆ ಇಷ್ಟನ್ನೂ ಮಾತಾಡಿದೆವು. ಕೋಪದ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಗುರುತಿಲ್ಲದ ಹೆಂಗಸಿನ ಮುಂದೆ ಮನೆಯ ಮಾತನ್ನು ಹೇಗೆ ಎತ್ತುವುದು?

ನಾಲ್ಕನೆಯ ದಿನ ತೊತ್ತೊರಿ ಮುಟ್ಟಿದೆವು. ಮರುಭೂಮಿ ಎಂದರೆ ಅದೇ: ಸಮುದ್ರದ ದಡದಲ್ಲಿ ಗುಡ್ಡ ಗುಡ್ಡವಾಗಿ ಬಿದ್ದ ಮರಳು, ಅದರ ಮೇಲೆ ಇರುವೆ ಸಾಲಿನಂತೆ ಜನ, ಒಂದು ಬದಿಗೆ ಬೇಸರದಿಂದ ನಿಂತ ಒಂಟೆಗಳು. ದೊಡ್ಡ ನಿಲ್ದಾಣ ತುಂಬಿಹೋಗಿದ್ದರಿಂದ ಸ್ವಲ್ಪ ದೂರದಲ್ಲಿ, ಊರವರು ತರಕಾರಿ ಮಾರುವ ಒಂದು ಅಂಗಳದಲ್ಲಿ ಜಾಗ ಸಿಕ್ಕಿತು. ಒಂಟೆ ಕಂಡದ್ದೇ ಧ್ರುವ ಕುಣಿಯತೊಡಗಿದ. ನಿಮ್ಮಮ್ಮ ನಿಮ್ಮಿಬ್ಬರನ್ನೂ ಇಳಿಸಿಕೊಂಡು ಶೌಚಾಲಯದ ಕಡೆ ಓಡಿದಳು. ಗಾಡಿಯಲ್ಲಿ ಉಳಿದವರು ನಾವಿಬ್ಬರೇ. ನಿಮ್ಮಪ್ಪ ದಾರಿ ಹೇಳುವವಳ ಬಾಯಿ ಮುಚ್ಚಿಸಿ, "ಅತ್ತೆ, ಗಾಡಿ ಹಿಂದಕ್ಕೆ ತಗೋಬೇಕು. ಹಿಂದಿನ ಕ್ಯಾಮೆರಾ ಮೇಲೆ ಧೂಳು ಕೂತು ಏನೂ ಕಾಣಿಸ್ತಿಲ್ಲ. ಸ್ವಲ್ಪ ಇಳಿದು ನೋಡ್ತೀರಾ? ಹತ್ರ ಬಂದಾಗ ನಿಲ್ಲಿಸು ಅಂತ ಹೇಳಿ ಸಾಕು" ಎಂದರು.

ಸಾಕು ಎಂದರು. ನಾನು ಇಳಿದು ಹಿಂದೆ ಹೋಗಿ ನಿಂತೆ. ಹಿಂದೆ ಒಂದು ಮರದ ಮೇಜು. ಆ ಮರಳಿನಲ್ಲೇ ಬೆಳೆಯುವ ಬೆರಳುದ್ದದ ಬಿಳಿ ಈರುಳ್ಳಿಯ ಉಪ್ಪಿನಕಾಯಿಯನ್ನು ಬಾಟಲಿಗಳಲ್ಲಿ ತುಂಬಿ ಗೋಪುರದ ಹಾಗೆ ಪೇರಿಸಿಟ್ಟಿದ್ದರು. ಮೇಜಿನ ಹಿಂದೆ ಬಟ್ಟೆಯ ಟೋಪಿ ತೊಟ್ಟ, ನನ್ನದೇ ವಯಸ್ಸಿನ ಒಬ್ಬ ಅಜ್ಜಿ. ಆಕೆ ನನಗೆ ಬಾಗಿ ನಮಸ್ಕರಿಸಿ, ಏನನ್ನೋ ತೆಗೆಯಲು ಮೇಜಿನ ಕೆಳಗೆ ತಲೆ ಹಾಕಿದಳು. ಗಾಡಿ ಹಿಂದಕ್ಕೆ ಬರತೊಡಗಿತು.

ಇಲ್ಲಿ ನನಗೆ ಒಂದು ತೊಡಕು ಎದುರಾಯಿತು. ನಿಲ್ಲಿಸಿ ಎನ್ನುವ ಮೊದಲು ಕರೆಯಬೇಕಲ್ಲ, ಏನೆಂದು ಕರೆಯುವುದು? ಹನ್ನೆರಡು ವರ್ಷದಲ್ಲಿ ನಾನು ಅವರನ್ನು ಏನೆಂದೂ ಕರೆದಿರಲಿಲ್ಲ. ರಘು ಎನ್ನೋಣವೆಂದರೆ ಏಕವಚನ. ರಘು ಅವರೇ ಎಂದರೆ ಬ್ಯಾಂಕಿನಲ್ಲಿ ಟೋಕನ್ ಕೂಗಿದ ಹಾಗೆ. ಅಳಿಯಂದಿರೇ ಎಂದರೆ ನಾಟಕ. ಜಪಾನಿನವರ ಹಾಗೆ ಹೆಸರಿನ ಕೊನೆಗೆ ಸಾನ್ ಸೇರಿಸಿದರೆ ಹೇಗೆ ಎಂದೂ ಒಂದು ಕ್ಷಣ ಯೋಚಿಸಿದೆ. ಗಾಡಿ ನಾಲ್ಕು ಮಾರು ದೂರವಿದ್ದದ್ದು ಎರಡು ಮಾರಾಯಿತು. ಕೈ ಎತ್ತಿ ಆಡಿಸಿದೆ. ನಾನು ನಿಂತ ಜಾಗ ಯಾವ ಕನ್ನಡಿಗೂ ಕಾಣುವಂತಿರಲಿಲ್ಲ. ಚಪ್ಪಾಳೆ ತಟ್ಟಿದೆ, ಮೆಲ್ಲಗೆ, ಭಜನೆಯಲ್ಲಿ ತಟ್ಟುವಷ್ಟು. ಒಂದು ಮಾರಾಯಿತು. ಅಜ್ಜಿಯ ತಲೆ ಇನ್ನೂ ಮೇಜಿನ ಕೆಳಗೇ ಇತ್ತು.

ನಿಮ್ಮ ತಾತ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರೆಂದು ನಿಮಗೆ ಗೊತ್ತಿರಲಾರದು. ನೀವು ಕಂಡದ್ದು ಅವರು ಆರಾಮಕುರ್ಚಿಯಲ್ಲಿ ಕೂತ ಕಾಲ, ಧ್ರುವ ಅದನ್ನೂ ಕಂಡಿಲ್ಲ. ನಮ್ಮೂರ ಅರಳಿಕಟ್ಟೆಯ ಹತ್ತಿರ ಬಸ್ಸು ಹಿಂದಕ್ಕೆ ತಿರುಗಿಸುವಾಗ ಅವರು ಕೆಳಗಿಳಿದು, ಬಸ್ಸಿನ ಬೆನ್ನು ತಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ" ಎಂದು ಕರೆದು ಕೊನೆಗೆ ಒಂದು ಕೂಗು ಹಾಕುತ್ತಿದ್ದರು. ಅದು ಊರಾಚೆಯ ತೋಟದವರೆಗೂ ಕೇಳುತ್ತಿತ್ತು. ಮನೆಯಲ್ಲೂ ಅದೇ ಮಾತು. ಅನ್ನ ಬಡಿಸುವಾಗ ಸಾಕು ಎನ್ನುತ್ತಿರಲಿಲ್ಲ, ಹಾಲು ಉಕ್ಕಿ ಬಂದಾಗಲೂ ಅದನ್ನೇ ಕೂಗುತ್ತಿದ್ದರು. ಅವರು ಹೋಗಿ ಏಳು ವರ್ಷವಾಯಿತು. ಆ ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ ನನಗೆ ಗೊತ್ತಿಲ್ಲ.

"ಹೋಲ್ಡಾನ್!"

ತೊತ್ತೊರಿಯ ಒಂಟೆಗಳು ಕತ್ತು ತಿರುಗಿಸಿದವು ಎಂದು ಇಂಚರ ಆಮೇಲೆ ಹೇಳಿದಳು, ಅದು ಹೆಚ್ಚಾಯಿತು. ಆದರೆ ಗಾಡಿ ನಿಂತಿತು. ಮೈಸೂರಿನಲ್ಲಿ ಹತ್ತು ವರ್ಷ ಬಸ್ಸಿನಲ್ಲಿ ಶಾಲೆಗೆ ಹೋದ ನಿಮ್ಮಪ್ಪನ ಕಾಲು, ಆ ಕೂಗಿಗೆ ತಲೆಯನ್ನು ಕೇಳದೆ ಬ್ರೇಕು ಒತ್ತಿತ್ತು. ಬಂಪರಿಗೂ ಬಾಟಲಿಗಳಿಗೂ ನಡುವೆ ನಾಲ್ಕು ಬೆರಳು ಜಾಗ. ಅಜ್ಜಿ ಮೇಜಿನ ಕೆಳಗಿಂದ ಎದ್ದಳು, ಗಾಡಿ ನೋಡಿದಳು, ತನ್ನ ಮೇಜೇ ಅಡ್ಡ ನಿಂತಿತೆಂಬಂತೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಾಗಿದಳು. ನಾನೂ ಸುಮಿಮಾಸೆನ್ ಎಂದು ಬಾಗಿದೆ. ಆಕೆ ಇನ್ನೂ ಕೆಳಗೆ ಬಾಗಿದಳು, ನಾನೂ ಬಿಡಲಿಲ್ಲ. ನಿಮ್ಮಪ್ಪ ಇಳಿದು ಬಂದಾಗ ನಾವಿಬ್ಬರೂ ಒಬ್ಬರ ಪಾದ ಒಬ್ಬರು ನೋಡುತ್ತಿದ್ದೆವು.

ನಿಮ್ಮಪ್ಪ ನಾಲ್ಕು ಬೆರಳ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. "ಅತ್ತೆ," ಎಂದರು, "ಯಾವ ಡಿಪೋ ನಿಮ್ದು?"

ನನಗೆ ನಗು ಬಂತು, ನಗುವಿನ ಜೊತೆ ಹನ್ನೆರಡು ವರ್ಷದ ಮಾತೂ ಬಂತು. ಕ್ರಮವಾಗಿ ಬರಲಿಲ್ಲ, ಬಸ್ಸಿನ ಬಾಗಿಲು ತೆರೆದಾಗ ಜನ ಇಳಿಯುವಂತೆ ಒಂದರ ಮೇಲೊಂದು ಬಂತು. "ಆ ಮಿಕ್ಸಿ ಇವತ್ತಿಗೂ ನಡೀತಿದೆ. ನಂಗೆ ನಿಮ್ಮ ಮೇಲೆ ಯಾವ ಕೋಪಾನೂ ಇಲ್ಲ. ಇದ್ದದ್ದು ಅವತ್ತು ಸಂಜೆಗೇ ಹೋಯ್ತು. ಅಳಿಯಂದಿರ ಹತ್ರ ಮಾತಾಡಬಾರದು ಅಂತ ನಮ್ಮ ಕಡೆ ಪದ್ಧತಿ, ಅದು ಮರ್ಯಾದೆ. ನಿನ್ನೆ ಬೆಳಿಗ್ಗೆ ನೀವು ಕಾಫಿ ಕಾಯಿಸ್ತಾ ಹೇಳಿದ್ದೆಲ್ಲಾ ಕೇಳಿಸ್ಕೊಂಡೆ, ಅದು ತಪ್ಪು. ಹ್ಯಾಂಡ್ ಬ್ರೇಕ್ ಹಾಕಿದೀರಾ?"

ಅವರು ಹಾಕಿರಲಿಲ್ಲ. ಓಡಿಹೋಗಿ ಹಾಕಿ ಬಂದರು. "ಅಂದ್ರೆ ಹನ್ನೆರಡು ವರ್ಷದಿಂದ ನೀವು ನಂಗೆ ಕೊಡ್ತಾ ಇದ್ದಿದ್ದು ಮರ್ಯಾದೆನಾ?" ಎಂದರು.

"ಮತ್ತೇನು?"

"ಸ್ವಲ್ಪ ಕಮ್ಮಿ ಕೊಟ್ಟಿದ್ರೂ ನಡೀತಿತ್ತು ಅತ್ತೆ."

ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮರಳು ಹೋಯಿತು ಎಂದರು. ಗಾಳಿಯೇ ಬೀಸುತ್ತಿರಲಿಲ್ಲ, ಆದರೂ ಇರಬಹುದು ಎಂದುಕೊಂಡೆ. ಅಜ್ಜಿಯ ಹತ್ತಿರ ನಾಲ್ಕು ಬಾಟಲಿ ಉಪ್ಪಿನಕಾಯಿ ತೆಗೆದುಕೊಂಡೆವು. ಆಮೇಲೆ ಐದು ಜನವೂ ಚಪ್ಪಲಿ ಕೈಯಲ್ಲಿ ಹಿಡಿದು ಆ ದೊಡ್ಡ ದಿಬ್ಬ ಹತ್ತಿದೆವು. ಎರಡು ಹೆಜ್ಜೆ ಮೇಲೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತಿತ್ತು. ನಿಮ್ಮಪ್ಪ ಮೇಲಿನಿಂದ ಕೈ ಕೊಟ್ಟರು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದುಕೊಂಡೆ. ತುದಿಯಲ್ಲಿ ನಿಂತರೆ ಕೆಳಗೆ ಇಡೀ ಸಮುದ್ರ. ಧ್ರುವ ಉರುಳುತ್ತ ಇಳಿದ, ಹಿಂದೆ ಇಂಚರ. ನಾನೂ ಕೂತು ಜಾರಿದೆ. ಸೀರೆಯಿಂದ ಬಿದ್ದ ಮರಳು ಆ ಗಾಡಿಯಲ್ಲಿ ಕೊನೆಯ ದಿನದವರೆಗೂ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಉಳಿಯುತ್ತಿತ್ತು. ಆದರೆ ಪ್ರವಾಸ ಇನ್ನೂ ಐದು ದಿನ ಇತ್ತು. ಮುಂದಿನ ಬೆಟ್ಟ ದೈಸೆನ್. ಮೇ ತಿಂಗಳಲ್ಲೂ ನೆತ್ತಿಯಲ್ಲಿ ಹಿಮ, ಕೆಳಗೆ ಎಳೆ ಹಸಿರಿನ ಕಾಡು. ಅಲ್ಲಿ ಒಂದು ಬೆಳಗ್ಗೆ ನಿಮ್ಮಪ್ಪ ಉಪ್ಪಿಟ್ಟು ಮಾಡಿದರು. ಉಪ್ಪಿಟ್ಟು ಗಂಟುಗಂಟಾಗಿದೆ ಎಂದೆ. ರವೆ ಹುರಿದದ್ದು ಸಾಲದು ಎಂದೆ. ನೀರು ಹೆಚ್ಚಾಯಿತು ಎಂದೆ. ಅವರು, "ಮೊನ್ನೆವರೆಗೂ ಇದೇ ಉಪ್ಪಿಟ್ಟನ್ನ ಸುಮ್ನೆ ತಿಂತಿದ್ರಲ್ಲ ಅತ್ತೆ" ಎಂದರು. ಮೊನ್ನೆಯವರೆಗೆ ಮರ್ಯಾದೆ ಕೊಡುತ್ತಿದ್ದೆ ಎಂದೆ. ವಾಪಸು ಬರುವ ದಾರಿಯಲ್ಲಿ ಯಂತ್ರದ ಹೆಂಗಸು ಎಡಕ್ಕೆ ಎಂದರೆ ಇವರು ನೇರ ಹೋದರು. "ಆಯಮ್ಮ ಎಡಕ್ಕೆ ಅಂದ್ಲಲ್ಲ" ಎಂದೆ.

"ನಿಮಗೆ ಜಪಾನಿ ಯಾವಾಗ ಬಂತು ಅತ್ತೆ?"

"ಭಾಷೆ ಯಾಕೆ ಬೇಕು? ಅವಳ ಧ್ವನಿಲೇ ಬೇಜಾರಿತ್ತು."

ನಲವತ್ತು ನಿಮಿಷ ಸುತ್ತಿ ಅದೇ ಜಾಗಕ್ಕೆ ಬಂದೆವು. ನಾನು ನೋಡಿದಿರಾ ಎಂದೆ. ಅವರು ಗಾಡಿ ಓಡಿಸುವವರು ಯಾರು ಎಂದರು. ಆಮೇಲೆ ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಆಗ ನನಗೆ ಅರ್ಥವಾಯಿತು: ಮರ್ಯಾದೆಯ ಮೌನಕ್ಕೂ ಕೋಪದ ಮೌನಕ್ಕೂ ಹೊರಗಿನಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸವಿಲ್ಲ. ಪಾಪ, ಅವರು ತಪ್ಪು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಹಿಂದಿನ ಕಿಂಡಿಯಿಂದ ನಿಮ್ಮಮ್ಮ ನಮ್ಮಿಬ್ಬರನ್ನೂ ನೋಡಿ ಸೆರಗಿಲ್ಲದ್ದರಿಂದ ಬಾಯಿಗೆ ಏನನ್ನು ಅಡ್ಡ ಹಿಡಿದುಕೊಳ್ಳಲಿ ಎಂದು ಹುಡುಕುತ್ತ ನಗುತ್ತಿದ್ದಳು.

ಟಿಕೆಟ್ ಜುಲೈಗೆ ಹೋಗಿದೆ, ನಿಮ್ಮಪ್ಪನೇ ಬದಲಾಯಿಸಿಕೊಟ್ಟರು. ನಮ್ಮ ಕಡೆ ನಾಲ್ಕು ಊರುಗಳಲ್ಲಿ ನನಗೊಂದು ಹೆಸರಿತ್ತು, ಅಳಿಯನ ಎದುರು ತುಟಿ ಬಿಚ್ಚದ ಹೆಂಗಸು ಎಂದು. ಹನ್ನೆರಡು ವರ್ಷ ಕಷ್ಟಪಟ್ಟು ಸಂಪಾದಿಸಿದ್ದು ಐದು ದಿನದಲ್ಲಿ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ಅದನ್ನು ಹುಡುಕಿಕೊಂಡು ಹೋಗುವ ಮನಸ್ಸು ನನಗಿಲ್ಲ. ನಿಮ್ಮಪ್ಪ ಮಾತ್ರ ನಿನ್ನೆ ನಾನು ಸಾರಿನ ವಿಷಯದಲ್ಲಿ ಎರಡು ಮಾತು ಹೇಳುತ್ತಿದ್ದಾಗ, ಇನ್ನೊಂದು ಸಲ ಕ್ಯಾಂಪರ್ ತೆಗೆದುಕೊಂಡು ಹೋಗಿ ಆ ದಾರಿಯನ್ನೆಲ್ಲ ನಿಧಾನವಾಗಿ ನೋಡಿ ಬಂದರೆ ಹೇಗೆ ಎಂದು ನಿಮ್ಮಮ್ಮನನ್ನು ಕೇಳುತ್ತಿದ್ದರು.